ಮುಚ್ಚಿದ ಕಿಟಕಿಯ ಹಿಂದಿನ ಗುಮಾಸ್ತ



ಸಾಲದ ಮಾತನ್ನೋ ಕಾಯಿಲೆಯ ಹೆಸರನ್ನೋ ಮನೆಯವರಿಗೆ ತಿಳಿಯದಂತೆ ಫೋನಿನಲ್ಲಿ ಹುಡುಕುವವರು ನಮ್ಮಲ್ಲೂ ಇದ್ದಾರೆ. ಗೂಗಲ್ ಕಂಪನಿಯ ಕ್ರೋಮ್ ಬ್ರೌಸರಿನಲ್ಲಿ ಇದಕ್ಕೆಂದೇ ‘ಇನ್‌ಕಾಗ್ನಿಟೊ’ ಎಂಬ ಕಿಟಕಿಯಿದೆ. ನೋಡಿದ್ದು ಫೋನಿನಲ್ಲಿ ಉಳಿಯದು, ನಿಜ. ಆದರೆ ಹೊಕ್ಕ ಪುಟಗಳಲ್ಲೇ ಅದೇ ಕಂಪನಿಯ ಜಾಹೀರಾತು ಯಂತ್ರ ಕುಳಿತು ಬರೆದುಕೊಳ್ಳುತ್ತಿತ್ತು! ಅಂಗಡಿಕಾರನೂ ಗಿರಾಕಿಯ ಲೆಕ್ಕ ಬರೆಯುತ್ತಾನೆ. ಗಿರಾಕಿಯ ಕಣ್ಣೆದುರಿಗೇ ಬರೆಯುತ್ತಾನೆ.

2020ರಲ್ಲಿ ಅಮೆರಿಕದ ಬಳಕೆದಾರರು ಕ್ಯಾಲಿಫೋರ್ನಿಯಾದ ನ್ಯಾಯಾಲಯದಲ್ಲಿ ದಾವೆ ಹೂಡಿದರು. 2024ರಲ್ಲಿ ರಾಜಿಯಾಯಿತು. ನೂರಾರು ಕೋಟಿ ದಾಖಲೆಗಳನ್ನು ಅಳಿಸಲು ಇಲ್ಲವೇ ಗುರುತು ಸಿಗದಂತೆ ಮಾಡಲು ಕಂಪನಿ ಒಪ್ಪಿತು, ತಪ್ಪನ್ನು ಒಪ್ಪಲಿಲ್ಲ. ಆ ರಾಜಿಯಿಂದ ಜನರ ಕೈಗೆ ಬಿಡಿಗಾಸೂ ಬರಲಿಲ್ಲ. ಮಿಲ್ಲಿನ ಬೋನಸ್ ತಕರಾರು ಕಂಡ ನಿಮಗೆ ಮುಂದಿನ ಮಾತು ಹೊಸದಲ್ಲ: ಹಣ ಬೇಕಾದವರು ಒಬ್ಬೊಬ್ಬರಾಗಿ ಬೇರೆ ದಾವೆ ಹೂಡಬೇಕಂತೆ!