ಫೋಟೋಕ್ಕೆ ಫಸಲು, ಟ್ರಂಕಿಗೆ ನೋಟೀಸು
(ತಾಲ್ಲೂಕು ರೈತ ಸಭೆಯಲ್ಲಿ ಮಾಡಿದ ಭಾಷಣ)



ಇಲ್ಲಿ ಕೂತಿರುವ ಎಲ್ಲರ ಕೈಯಲ್ಲೂ ಮೊಬೈಲಿದೆ. ವಾಟ್ಸಾಪ್ ಸ್ಟೇಟಸ್ಸಿಗೆ ನಾವು ಏನು ಹಾಕುತ್ತೇವೆ? ಹೊಸ ಟ್ರ್ಯಾಕ್ಟರು, ಮಗಳ ಮದುವೆಯ ಚಪ್ಪರ, ತುಂಬಿದ ಹೊಲ. ಹಾಕಬಾರದು ಅಂತ ನಾನು ಹೇಳುವುದಿಲ್ಲ. ಆದರೆ ಆ ಟ್ರ್ಯಾಕ್ಟರಿನ ಕಂತು, ಆ ಚಪ್ಪರದ ಕೈಸಾಲ, ಬ್ಯಾಂಕಿನ ನೋಟೀಸು ಮಾತ್ರ ಟ್ರಂಕಿನ ತಳದಲ್ಲೇ ಇರುತ್ತವೆ. ಪಕ್ಕದ ಮನೆಯವನು ನಮ್ಮ ಫೋಟೋ ನೋಡಿ "ಎಲ್ಲರೂ ಚೆನ್ನಾಗಿದ್ದಾರೆ, ಕೆಟ್ಟವನು ನಾನೊಬ್ಬನೇ" ಅಂತ ಕೊರಗುತ್ತಾನೆ. ಅವನ ಫೋಟೋ ನೋಡಿ ನಾವೂ ಹಾಗೇ ಕೊರಗುತ್ತೇವೆ. ಸಾಲ ಊರಿಗೆಲ್ಲ, ನಾಚಿಕೆ ಮಾತ್ರ ಒಬ್ಬೊಬ್ಬನದು!

ಪೇಟೆಯವರು ನಮ್ಮನ್ನು ನೋಡುವುದೂ ಇದೇ ಮೊಬೈಲಿನಲ್ಲಿ. 2023ರ ಜುಲೈ ನೆನಪು ಮಾಡಿಕೊಳ್ಳಿ. ಕೋಲಾರದ ಮಾರುಕಟ್ಟೆಯಲ್ಲಿ 15 ಕೆ.ಜಿ. ಟೊಮ್ಯಾಟೊ ಬಾಕ್ಸು 2,000 ರೂಪಾಯಿ ದಾಟಿತು. ರೈತ ಕೋಟ್ಯಧೀಶನಾದ ಅಂತ ಫೋಟೋಗಳು ದೇಶವೆಲ್ಲ ಸುತ್ತಿದವು. ಸೆಪ್ಟೆಂಬರಿಗೆ ದರ ನೆಲ ಕಚ್ಚಿತು. ಆಗ ಅಷ್ಟು ಫೋಟೋ ಓಡಾಡಿದವೇ? ಬೆಳೆದವನ ಖರ್ಚು ಪೇಟೆಯವನಿಗೆ ತಿಳಿಯುವುದು ಹೇಗೆ, ನಾವೇ ತೋರಿಸದಿದ್ದರೆ?

ತೋರಿಸಿದವರೂ ಇದ್ದಾರೆ. 2020ರ ನವೆಂಬರಿನಿಂದ ದೆಹಲಿಯ ಸಿಂಘು, ಟಿಕ್ರಿ ಗಡಿಗಳಲ್ಲಿ ಕೂತ ರೈತರು ತಮ್ಮ ಚಳಿ, ತಮ್ಮ ಅಡುಗೆ, ತಮ್ಮ ಮಾತು ಎಲ್ಲವನ್ನೂ ತಾವೇ ಮೊಬೈಲಿನಲ್ಲಿ ತೋರಿಸಿದರು. ಡಿಸೆಂಬರ್ 20ರಂದು ಅವರ ಕಿಸಾನ್ ಏಕ್ತಾ ಮೋರ್ಚಾದ ಫೇಸ್‌ಬುಕ್ ಪುಟ ಕೆಲವು ಗಂಟೆ ಬಂದ್ ಆಯಿತು. 2021ರ ಜನವರಿ ಕೊನೆಯಲ್ಲಿ ಸರ್ಕಾರ ಅಲ್ಲಿ ಇಂಟರ್‌ನೆಟ್ಟನ್ನೇ ನಿಲ್ಲಿಸಿತು. ಆದರೂ ಜನ ಏಳಲಿಲ್ಲ. ಅವರನ್ನು ಕಟ್ಟಿದ್ದು ಮೊಬೈಲಲ್ಲ; ಊರೂರಿನ ಸಂಘ, ಒಂದೇ ಪಂಕ್ತಿಯ ಊಟ. 'ಟ್ರಾಲಿ ಟೈಮ್ಸ್' ಎಂಬ ಪತ್ರಿಕೆಯನ್ನೂ ಅಚ್ಚು ಹಾಕಿಸಿ ಹಂಚಿದರು. 2021ರ ನವೆಂಬರ್ 19ರಂದು ಮೂರೂ ಕಾಯಿದೆ ವಾಪಸ್ ಎಂದು ಪ್ರಧಾನಿ ಘೋಷಿಸಿದರು.

ನನ್ನ ಸೂಚನೆ ಸಣ್ಣದು. ಇನ್ನು ಮೇಲೆ ಫಸಲಿನ ಫೋಟೋ ಜೊತೆ ಮಂಡಿಯ ಚೀಟಿಯನ್ನೂ ಊರಿನ ಗ್ರೂಪಿಗೆ ಹಾಕಿ. ತೂಕ ಎಷ್ಟು, ದರ ಎಷ್ಟು, ಕಮಿಷನ್ನು, ಹಮಾಲಿ ಅಂತ ಮುರಿದುಕೊಂಡದ್ದು ಎಷ್ಟು? ಹತ್ತು ಚೀಟಿ ಒಟ್ಟಿಗಿಟ್ಟು ನೋಡಿದರೆ ಮೋಸ ಎಲ್ಲಿ ಎಂಬುದು ತಾನೇ ಕಾಣುತ್ತದೆ. ಸಾಲದ ಮಾತು ಗ್ರೂಪಿನಲ್ಲಿ ಬೇಡ, ಅದು ಎಲ್ಲೆಲ್ಲಿಗೋ ಹೋಗುತ್ತದೆ. ಅದನ್ನು ಸಂಘದ ಸಭೆಯಲ್ಲಿ ಮುಖ ನೋಡಿ ಆಡಿ. ಮತ್ತೆ, ದಿನಾ ಫೋಟೋ ಹಾಕುತ್ತಿದ್ದವನು ಎಂಟು ದಿನ ಸುಮ್ಮನಾದರೆ ಮೆಸೇಜು ಕಳಿಸಿ ಕೂರಬೇಡಿ, ಅವನ ಮನೆಗೆ ಹೋಗಿ ಬನ್ನಿ.