ಹಳ್ಳದ ಮೀನುಗಳೂ ನಮ್ಮ ಧರ್ಮವೂ
(ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)



ನಮ್ಮ ಈ ಮಲೆಸೀಮೆಯು ನದಿಗಳ ತವರು. ಗಂಗಾಮೂಲದಲ್ಲಿ ತುಂಗೆ, ಭದ್ರೆ, ನೇತ್ರಾವತಿಯರೂ ಮೂಡಿಗೆರೆಯ ಜಾವಳಿಯಲ್ಲಿ ಹೇಮಾವತಿಯೂ ಉದಿಸುತ್ತಾರೆ. ಶೃಂಗೇರಿಯ ತುಂಗೆಯಲ್ಲಿ ಮಹಶೀರ್ ಮೀನುಗಳನ್ನು ದೇವರ ಮೀನೆಂದು ಭಾವಿಸಿ ಜನರು ಪುರಿಯೆರೆದು ಕೈಮುಗಿಯುತ್ತಾರೆ. ಈ ಭಕ್ತಿಯು ಸ್ತುತ್ಯವಾದುದು. ಆದರೆ ಸೋಪಾನದ ಬಳಿಯಲ್ಲಿ ಮಾತ್ರ ಕಾಯ್ದರೆ ಸಾಕೆ?

ಮಹಶೀರ್ ಮೀನು ಮಳೆಗಾಲದಲ್ಲಿ ಪ್ರವಾಹಕ್ಕೆದುರಾಗಿ ಈಜಿ, ನಿರ್ಮಲವಾದ ನೀರು ಹರಿಯುವ ಸಣ್ಣಕಲ್ಲುಗಳ ನಡುವೆ ತತ್ತಿಯಿಡುತ್ತದೆ. ಹೂಳು ಮುಚ್ಚಿದರೆ ತತ್ತಿಗೆ ಪ್ರಾಣವಾಯು ದೊರೆಯದು. ಹಳ್ಳದ ಸಣ್ಣ ಮೀನುಗಳಲ್ಲಿ ಹಲವು ಮುಂಗಾರಿನ ಮೊದಲ ನೆರೆಯೊಡನೆ ಗದ್ದೆಬಯಲನ್ನು ಏರುತ್ತವೆ. ಇವನ್ನೇ ಮಲೆನಾಡಿನವರು ಹತ್ತುಮೀನು ಎನ್ನುವುದು. ಮರಿಗಳು ಗದ್ದೆಯ ನೀರಿನಲ್ಲಿ ಬೆಳೆದು ಮರಳಿ ಹಳ್ಳಕ್ಕಿಳಿಯುತ್ತವೆ. ಹೀಗೆ ಹಳ್ಳ, ಗದ್ದೆ, ಮಡು ಮೂರೂ ಸೇರಿ ಅವುಗಳಿಗೆ ಒಂದೇ ಮನೆ.

ಆ ಮನೆಯು ಇಂದು ಒಡೆದಿದೆ. ಕುದುರೆಮುಖದ ಗಣಿಯ ಹೂಳು ಬಹುಕಾಲ ಭದ್ರೆಯನ್ನು ಕದಡಿತು. ಸರ್ವೋಚ್ಚ ನ್ಯಾಯಾಲಯದ ಆಜ್ಞೆಯಂತೆ 2005ರ ಅಂತ್ಯಕ್ಕೆ ಗಣಿಯು ನಿಂತಿತು. ನಮ್ಮ ಕೈಯ ಕೆಲಸಗಳು ಮಾತ್ರ ನಿಂತಿಲ್ಲ. ಗದ್ದೆಗಳು ಎಷ್ಟೋ ತೋಟಗಳಾದವು. ದಡದ ಮರಗಳು ಉರುಳಿದವು. ಕಾಫಿಯ ಕೊಯ್ಲು ಬರುವುದು ಹಳ್ಳಗಳು ಇಳಿಯುವ ಚಳಿಗಾಲದಲ್ಲಿ. ಆಗ ಪಲ್ಪರಿನಿಂದ ಬಂದ ನೀರನ್ನು ಹಾಗೆಯೇ ಹರಿಯಬಿಟ್ಟರೆ, ಅದರ ಸಿಹಿಯಂಶವು ಹುಳಿತು ಹಳ್ಳದ ಪ್ರಾಣವಾಯುವನ್ನೇ ನುಂಗುತ್ತದೆ. ವಿಷ, ಸಿಡಿಮದ್ದುಗಳಿಂದ ಮೀನು ಕೊಲ್ಲುವುದನ್ನು 1897ರ ಕಾಯಿದೆಯೇ ನಿಷೇಧಿಸಿತ್ತು; ಆದರೂ 1996ರಲ್ಲಿ ಘಟ್ಟದ ಕೆಳಗಣ ಶಿಶಿಲದಲ್ಲಿ ದೇವರ ಮೀನುಗಳೇ ವಿಷಕ್ಕೆ ಬಲಿಯಾದವು.

ಬೇರೆಡೆಯಿಂದ ಮರಿಗಳನ್ನು ತಂದು ಬಿಟ್ಟರಾಯಿತೆಂದು ಕೆಲವರು ಹೇಳುವರು. ನಮ್ಮ ಹೇಮಾವತಿಯು ಸೇರುವ ಕಾವೇರಿಯಲ್ಲಿ ಹಾಗೆಯೇ ಅನ್ಯಜಾತಿಯ ಮಹಶೀರ್ ಮರಿಗಳನ್ನು ಬಿಡಲಾಯಿತು. ಅಲ್ಲಿಯದೇ ಆದ ಡುಬ್ಬದ ಮಹಶೀರ್ ಕ್ಷೀಣಿಸಲು ಅದೂ ಒಂದು ಕಾರಣವೆಂದು ಬಲ್ಲವರ ಮತ. 2018ರಲ್ಲಿ ಆ ಮೀನು ಅಳಿವಿನ ಅಂಚಿನ ಜೀವಿಗಳ ಜಾಗತಿಕ ಪಟ್ಟಿಯನ್ನು ಸೇರಿತು. ಆದುದರಿಂದ ಇದ್ದ ಮೀನಿಗೆ ಇದ್ದ ಮನೆಯನ್ನು ಸರಿಪಡಿಸಿಕೊಡುವುದೇ ಯುಕ್ತವು.

ತೋಟದ ಒಡೆಯರಾದ ತಮ್ಮಲ್ಲಿ ನನ್ನ ಬಿನ್ನಹವಿಷ್ಟೆ. ಹಳ್ಳದ ಎರಡು ದಡಗಳಲ್ಲೂ ಹೊಳೆದಾಸವಾಳ, ಹೊಂಗೆ, ವಾಟೆಗಳು ಬೆಳೆಯಲಿ. ಬೇರು ಮಣ್ಣನ್ನು ಹಿಡಿಯುವುದು, ನೆರಳು ನೀರನ್ನು ತಂಪಾಗಿಡುವುದು. ಪಲ್ಪರಿನ ನೀರು ಗುಂಡಿಗಳಲ್ಲಿ ನಿಂತು ಶುದ್ಧವಾಗಲಿ. ಕಟ್ಟೆ ಕಟ್ಟುವಾಗ ಮೀನೇರಲು ದಾರಿಯಿರಲಿ. ಹಳ್ಳದಂಚಿನ ಕೆಲವು ಗದ್ದೆಗಳಾದರೂ ಗದ್ದೆಗಳಾಗಿಯೇ ಉಳಿಯಲಿ. ಮೊದಲ ನೆರೆಯ ದಿನಗಳಲ್ಲಿ ಕೂಳಿಯೊಡ್ಡದಿರಿ. ಏರಿಬರುವ ಮೀನಿನ ಒಡಲಲ್ಲಿ ಮುಂದಿನ ಸಂತತಿಯಿದೆ.

ಮಡುವಿನ ಮೀನಿಗೆ ಹಿಡಿ ಪುರಿಯನ್ನೆರೆಯುವ ಕೈಗಳು ಅದರ ದಾರಿಯನ್ನೂ ಬಿಟ್ಟುಕೊಡಲಿ. ಅದೂ ದಾಸೋಹವೇ ಎಂದು ಅರಿಕೆಮಾಡಿ ವಿರಮಿಸುತ್ತೇನೆ.