ಸೇತುವೆಯ ನಡುವೆ ನಿಂತವರ ಸಾಲ

(ಪಟ್ಟಣವೊಂದರಲ್ಲಿ ನಡೆದ ಹೆತ್ತವರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಪಿಯುಸಿ ಫಲಿತಾಂಶ ಬಂದಾಗಲೆಲ್ಲ ನಮ್ಮ ಮನೆಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ. ಮಗನೋ ಮಗಳೋ ಆರ್ಟ್ಸ್ ಓದುತ್ತೇನೆಂದರೆ, 'ಬಿ.ಎ. ಮಾಡಿದರೆ ಏನು ಸಿಗುತ್ತದೆ?' ಎಂದು ನಾವು ಕೇಳುತ್ತೇವೆ. ಇದು ನಮ್ಮೂರಿನ ಪ್ರಶ್ನೆ ಮಾತ್ರವಲ್ಲ. ಶ್ರೀಮಂತ ರಾಷ್ಟ್ರವಾದ ಅಮೇರಿಕದಲ್ಲಿ ಇದೇ ಪ್ರಶ್ನೆ ಕಾನೂನಿನ ರೂಪವನ್ನೇ ತಾಳಿದೆ. ಆದ್ದರಿಂದ ಅಲ್ಲಿಯ ಅನುಭವವನ್ನು ಮೊದಲು ನೋಡಿ, ಬಳಿಕ ನಮ್ಮ ಮನೆಗೆ ಮರಳೋಣ.

ಅಮೇರಿಕದಲ್ಲಿ ಬಡವರ ಮತ್ತು ದುಡಿಯುವವರ ಮಕ್ಕಳಿಗೆ ಉನ್ನತ ಶಿಕ್ಷಣದ ಬಾಗಿಲು ತೆರೆದದ್ದು ಸಮುದಾಯ ಕಾಲೇಜುಗಳು. ಇಂತಹ ಮೊದಲ ಸಾರ್ವಜನಿಕ ಕಾಲೇಜು 1901ರಲ್ಲಿ ಇಲಿನಾಯ್ ರಾಜ್ಯದ ಜೋಲಿಯೆಟ್‌ನಲ್ಲಿ ಆರಂಭವಾಯಿತು. ಅಲ್ಲಿ ಎರಡು ವರ್ಷಗಳ ಲಿಬರಲ್ ಆರ್ಟ್ಸ್ ಪದವಿಯಿದೆ. ಚರಿತ್ರೆ, ಸಾಹಿತ್ಯ, ಸಮಾಜಶಾಸ್ತ್ರ, ಗಣಿತ ಮುಂತಾದವುಗಳ ಬುನಾದಿ ಹಾಕಿಸಿ, ವಿದ್ಯಾರ್ಥಿಯನ್ನು ವಿಶ್ವವಿದ್ಯಾನಿಲಯದ ಮೂರನೆಯ ವರ್ಷಕ್ಕೆ ದಾಟಿಸುವುದು ಅದರ ಮುಖ್ಯ ಉದ್ದೇಶ. ಅಂದರೆ ಅದು ವಾಸಿಸುವ ಮನೆಯಲ್ಲ, ದಾಟುವ ಸೇತುವೆ.

ಈ ಸೇತುವೆಯ ಸುಂಕ ಕಡಿಮೆ. 2024-25ರಲ್ಲಿ ಸಮುದಾಯ ಕಾಲೇಜಿನ ಸರಾಸರಿ ವಾರ್ಷಿಕ ಬೋಧನಾ ಶುಲ್ಕ ಸುಮಾರು 4,050 ಡಾಲರ್. ನಾಲ್ಕು ವರ್ಷಗಳ ಸರಕಾರಿ ಸಂಸ್ಥೆಗಳಲ್ಲಿ ಆಯಾ ರಾಜ್ಯದವರಿಗೆ ಅದು ಸುಮಾರು 11,610 ಡಾಲರ್. ಮೊದಲ ಎರಡು ವರ್ಷಗಳನ್ನು ಸಮುದಾಯ ಕಾಲೇಜಿನಲ್ಲಿ ಓದಿದರೆ 15,000 ಡಾಲರ್‌ಗಳಷ್ಟು ಉಳಿತಾಯ. ಬಡ ವಿದ್ಯಾರ್ಥಿಗಳಿಗೆ ಪೆಲ್ ಎಂಬ ಸರಕಾರಿ ನೆರವು ಆ ವರ್ಷ ಗರಿಷ್ಠ 7,395 ಡಾಲರ್‌ವರೆಗೆ ಇತ್ತು. ಅದನ್ನು ಮರಳಿಸಬೇಕಾಗಿಲ್ಲ. ಹಾಗಾದರೆ ಸಾಲವೇಕೆ? ಮನೆ ಬಾಡಿಗೆ, ಪುಸ್ತಕ, ಪ್ರಯಾಣ, ಊಟ ಇವು ಶುಲ್ಕಕ್ಕಿಂತ ದೊಡ್ಡವು. ಓದುವ ಹೊತ್ತಿನಲ್ಲಿ ಕೈತಪ್ಪುವ ದುಡಿಮೆಯೂ ಒಂದು ಖರ್ಚೇ.

ಆದರೆ ಸೇತುವೆ ಹತ್ತಿದವರೆಲ್ಲ ಆಚೆ ದಡ ಸೇರುತ್ತಾರೆಯೇ? ಇಲ್ಲಿಯೇ ದುರಂತವಿರುವುದು. ಸಮುದಾಯ ಕಾಲೇಜಿಗೆ ಸೇರುವವರಲ್ಲಿ ಸುಮಾರು 80 ಶೇಕಡಾ ಮಂದಿ ನಾಲ್ಕು ವರ್ಷಗಳ ಪದವಿ ಪಡೆಯುವ ಆಸೆಯಿಂದಲೇ ಬರುತ್ತಾರೆ. ಮೂರನೆಯ ಒಂದು ಭಾಗದಷ್ಟು ಮಂದಿ ಮಾತ್ರ ಮುಂದಿನ ಸಂಸ್ಥೆಗೆ ಹೋಗುತ್ತಾರೆ. ಆರು ವರ್ಷಗಳಲ್ಲಿ ಆ ಪದವಿ ಮುಗಿಸುವವರು ಸುಮಾರು 16 ಶೇಕಡಾ. ಇದಕ್ಕೆ ವಿದ್ಯಾರ್ಥಿಗಳ ಸೋಮಾರಿತನವೇ ಕಾರಣವೆನ್ನುವುದು ಅನ್ಯಾಯ. 2004ರಿಂದ 2009ರ ನಡುವೆ ಕಾಲೇಜು ಬದಲಿಸಿದವರು ಸರಾಸರಿ 43 ಶೇಕಡಾ ಕ್ರೆಡಿಟ್‌ಗಳನ್ನು ಕಳಕೊಂಡರೆಂದು ಅಲ್ಲಿಯ ಸರಕಾರಿ ಲೆಕ್ಕಪರಿಶೋಧನಾ ಕಚೇರಿ 2017ರಲ್ಲಿ ಅಂದಾಜಿಸಿತು. ಒಂದು ಕಡೆ ಪಾಸಾದ ವಿಷಯವನ್ನು ಇನ್ನೊಂದು ಕಡೆ ಒಪ್ಪದಿದ್ದರೆ ಮತ್ತೆ ಹಣ ಕಟ್ಟಿ ಓದಬೇಕು. ಕ್ಯಾಲಿಫೋರ್ನಿಯಾ ರಾಜ್ಯ 2010ರಲ್ಲಿ ಕಾನೂನು ಮಾಡಿ, ನಿಗದಿತ ಪದವಿ ಪಡೆದವರಿಗೆ ರಾಜ್ಯ ವಿಶ್ವವಿದ್ಯಾನಿಲಯದಲ್ಲಿ ಪ್ರವೇಶದ ಖಾತರಿ ನೀಡಿತು. ಸೇತುವೆಯನ್ನು ದುರಸ್ತಿ ಮಾಡಲು ಸಾಧ್ಯವಿದೆ ಎಂಬುದಕ್ಕೆ ಇದು ನಿದರ್ಶನ.

ಸಾಲದ ಬಗ್ಗೆ ಅಮೇರಿಕ ಕಲಿಸಿದ ಪಾಠ ನಮ್ಮ ಊಹೆಗೆ ವಿರುದ್ಧವಾದುದು. ದೊಡ್ಡ ಸಾಲ ಮಾಡಿ ಪದವಿ ಮುಗಿಸಿದವರಿಗಿಂತ, ಕೆಲವೇ ಸಾವಿರ ಡಾಲರ್ ಸಾಲ ಮಾಡಿ ಅರ್ಧದಲ್ಲಿ ಬಿಟ್ಟವರೇ ಹೆಚ್ಚಾಗಿ ಸುಸ್ತಿದಾರರಾಗುತ್ತಾರೆ. ಅವರ ಕೈಯಲ್ಲಿ ಸಾಲವಿದೆ, ಪದವಿಯಿಲ್ಲ. ಅವರ ಸಂಬಳದಿಂದಲೇ ಹಣ ಹಿಡಿದುಕೊಳ್ಳುವ ಅಧಿಕಾರ ಸರಕಾರಕ್ಕಿದೆ. ಆದ್ದರಿಂದ ಸಾಲ ಎಷ್ಟು ಎಂಬುದಕ್ಕಿಂತಲೂ ಓದು ಮುಗಿಯುವುದೇ ಎಂಬುದು ಮೊದಲ ಪ್ರಶ್ನೆ.

2025ರ ಜುಲೈಯಲ್ಲಿ ಅಮೇರಿಕ ಹೊಸ ಕಾನೂನನ್ನು ತಂದಿತು. 2026ರ ಜುಲೈ 1ನ್ನು ಜಾರಿಯ ದಿನವೆಂದು ಗೊತ್ತುಪಡಿಸಿತು. ಪದವಿ ಪಡೆದವರ ಮಧ್ಯಮ ಆದಾಯವು ಹೈಸ್ಕೂಲು ಮಾತ್ರ ಓದಿದವರ ಆದಾಯಕ್ಕಿಂತ ಕಡಿಮೆಯಾಗಿದ್ದು, ಮೂರರಲ್ಲಿ ಎರಡು ವರ್ಷ ಹಾಗೆಯೇ ಉಳಿದರೆ, ಆ ಕೋರ್ಸಿಗೆ ಸರಕಾರಿ ಸಾಲ ನಿಲ್ಲುತ್ತದೆ. ಸಾಲದ ಬಲೆಯಿಂದ ಬಡವರನ್ನು ಉಳಿಸುವ ಉದ್ದೇಶ ಒಳ್ಳೆಯದೇ. ಆದರೆ ಸೇತುವೆಯನ್ನು ದುರಸ್ತಿ ಮಾಡದೆ ಮುಚ್ಚಿಬಿಟ್ಟರೆ ಯಾರಿಗೆ ನಷ್ಟ? ಶ್ರೀಮಂತನ ಮಗ ಚರಿತ್ರೆಯನ್ನೂ ಸಾಹಿತ್ಯವನ್ನೂ ತಂದೆಯ ಹಣದಿಂದ ಓದುತ್ತಾನೆ. ಬಡವನ ಮಗನ ಪಾಲಿಗೆ ಕಸುಬಿನ ತರಬೇತಿ ಮಾತ್ರ ಉಳಿಯುತ್ತದೆ. ಒಂದು ಸಮಾಜದ ಕಥೆಯನ್ನು ಬರೆಯುವವರು, ಕಾನೂನು ರೂಪಿಸುವವರು, ಆಡಳಿತ ನಡೆಸುವವರು ಆಗ ಒಂದೇ ವರ್ಗದಿಂದ ಬರುತ್ತಾರೆ.

ಸಹೋದರ ಸಹೋದರಿಯರೇ, ಈಗ ನಮ್ಮ ಮನೆಗೆ ಬರೋಣ. ನಮ್ಮ ಬಿ.ಎ. ಕೂಡಾ ಒಂದು ಸೇತುವೆಯೇ. ಅದರಾಚೆ ಬಿ.ಎಡ್., ಎಲ್‌ಎಲ್.ಬಿ., ಎಂ.ಎ., ಸ್ಪರ್ಧಾತ್ಮಕ ಪರೀಕ್ಷೆಗಳಿವೆ. ನಡುವೆ ನಿಂತವರ ಸಂಪಾದನೆಯನ್ನು ನೋಡಿ ಸೇತುವೆಯನ್ನೇ ದೂಷಿಸುವ ತಪ್ಪನ್ನು ನಾವೂ ಮಾಡುತ್ತಿದ್ದೇವೆ. 20 ವರ್ಷ ದಾಟಿದ ಮುಸ್ಲಿಮರಲ್ಲಿ ಪದವೀಧರರು ಮತ್ತು ಡಿಪ್ಲೊಮಾ ಪಡೆದವರು ಸೇರಿ 4 ಶೇಕಡಾಕ್ಕಿಂತಲೂ ಕಡಿಮೆ ಎಂದು 2006ರಲ್ಲಿ ಸಾಚಾರ್ ಸಮಿತಿ ಹೇಳಿತ್ತು. ಸಂಶೋಧನೆಗೆ ನೆರವಾಗುತ್ತಿದ್ದ ಮೌಲಾನಾ ಆಝಾದ್ ಫೆಲೋಶಿಪನ್ನು ಕೇಂದ್ರ ಸರಕಾರ 2022ರಲ್ಲಿ ನಿಲ್ಲಿಸಿತು. ಸೇತುವೆಯ ಆಚೆ ತುದಿಯ ಒಂದು ದೀಪ ಆರಿತು. ಇದನ್ನು ಪ್ರಶ್ನಿಸುವ ಹಕ್ಕು ನಮಗಿದೆ. ಆದರೆ ನಮ್ಮ ಕೈಯಲ್ಲಿರುವ ಕೆಲಸವನ್ನು ಸರಕಾರ ಬಂದು ಮಾಡದು.

ಮಗಳನ್ನು ಕಾಲೇಜಿಗೆ ಸೇರಿಸುವ ಮುನ್ನ ಕಾಗದದ ಮೇಲೆ ನಾಲ್ಕು ಉತ್ತರ ಬರೆಯೋಣ. ಪದವಿಯ ಬಳಿಕ ಮುಂದಿನ ಹೆಜ್ಜೆ ಯಾವುದು? ಅಲ್ಲಿಯವರೆಗಿನ ಒಟ್ಟು ಖರ್ಚು ಎಷ್ಟು? ಸಾಲ ಮಾಡಿದರೆ, ಮೊದಲ ಸಂಬಳದಿಂದ ಕಂತು ಕಟ್ಟಿದ ಮೇಲೆ ಎಷ್ಟು ಉಳಿದೀತು? ಎರಡನೆಯ ವರ್ಷದಲ್ಲಿ ಮನೆಯಲ್ಲಿ ಕಾಯಿಲೆಯೋ ಕಷ್ಟವೋ ಬಂದರೆ ಓದು ನಿಲ್ಲದಂತೆ ಏನು ಏರ್ಪಾಡು?

ನಾಲ್ಕನೆಯ ಪ್ರಶ್ನೆಗೆ ಉತ್ತರ ಒಂದು ಮನೆಯಿಂದ ಸಾಧ್ಯವಾಗದಿದ್ದರೆ ಅದು ಮಹಲ್ಲಾದ ಹೊಣೆ. ಬಡ್ಡಿಗೆ ಅಂಜಿ ಸಾಲವನ್ನೇ ಬೇಡವೆನ್ನುವ ಕುಟುಂಬಗಳು ನಮ್ಮಲ್ಲಿವೆ. ಅಂತಹ ಮನೆಗಳಲ್ಲಿ ಮೊದಲು ನಿಲ್ಲುವುದು ಹೆಣ್ಣುಮಗಳ ಓದು. ಮದುವೆಯ ಆಡಂಬರಕ್ಕೆ ಲಕ್ಷಗಳನ್ನು ಹೊಂದಿಸುವ ನಾವು, ಕೊನೆಯ ವರ್ಷದ ಶುಲ್ಕ ಕಟ್ಟಲಾಗದ ನಾಲ್ಕು ಮಕ್ಕಳಿಗೆ ಬಡ್ಡಿರಹಿತ ಸಾಲದ ನಿಧಿಯೊಂದನ್ನು ಕಟ್ಟಲಾರೆವೇ? ಮುಂದಿನ ಸಭೆಗೆ ಬರುವಾಗ ನಮ್ಮ ಮಹಲ್ಲಾದಲ್ಲಿ ಓದನ್ನು ಅರ್ಧದಲ್ಲಿ ಬಿಟ್ಟವರ ಪಟ್ಟಿಯನ್ನು ತರೋಣ. ಅವರನ್ನು ದಡ ಸೇರಿಸುವ ಮಾತನ್ನು ಅಂದು ಆಡೋಣ.